ಬಾಗಿಲು ಅಳೆಯದ ಮಾವ

ನಮ್ಮ ಸೋದರಮಾವ ಅಳತೆಪಟ್ಟಿ ಇಲ್ಲದೆ ಊಟಕ್ಕೂ ಕೂರುವವರಲ್ಲ ಎಂದರೆ ನೀವು ನಗುತ್ತೀರಿ. ನಗಿ! ಎಲೆಗೂ ಗೋಡೆಗೂ ಎಷ್ಟು ಅಂತರವೆಂದು ನೋಡಿಯೇ ಅವರು ಕೂರುತ್ತಿದ್ದುದು.

ಹನಗೋಡಿನವರಾದ ಅವರು ಪೇಟೆಯಲ್ಲಿ ವಿಶ್ವವಿದ್ಯಾನಿಲಯದ ಹಣಕಾಸು ಕಚೇರಿಗೆ ಹೆಡ್ ಗುಮಾಸ್ತರು. ನಾನು ಅವರ ಮನೆಯಲ್ಲಿದ್ದು ಓದುತ್ತಿದ್ದೆ. ನನ್ನ ವಿದ್ಯಾರ್ಥಿವೇತನದ ಕಾಗದ ಅವರ ಕಚೇರಿಯಲ್ಲೇ ಕೊಳೆಯುತ್ತಿತ್ತು. ಆ ಹಣ ಬಂದು, ತಿಂಗಳ ಕೊನೆಯೊಳಗೆ ಪರೀಕ್ಷೆಯ ಫೀಸು ಕಟ್ಟದಿದ್ದರೆ ನನ್ನ ವರ್ಷವೇ ಹೋಯಿತು!

"ಮಾವ, ನನ್ನ ಕಾಗದ ಒಂದನ್ನ ಮೇಲಕ್ಕೆ ಎತ್ತಿಡಿ" ಎಂದು ಬೇಡಿಕೊಂಡೆ.

"ಸರದೀಲಿ ಬರ್ಲಿ ಬುಡ್ಲಾ" ಎಂದು ಎದ್ದು ಹೋದರು.

ಸರದಿಯಂತೆ! ಐವರು ಗುಮಾಸ್ತರು, ಐದು ಮೇಜು. ಒಂದೊಂದು ಮೇಜಿನಲ್ಲೂ ಕಾಗದ ವಾರಗಟ್ಟಲೆ ಮಲಗಿ, ಟಿಪ್ಪಣಿ ಬರೆಸಿಕೊಂಡೇ ಮುಂದಕ್ಕೆ ಹೊರಡುತ್ತಿತ್ತು. ಅವರಲ್ಲಿ ಇಬ್ಬರು ಕಿಟಕಿ ತೆರೆಯುವ ವಿಷಯಕ್ಕೆ ಜಗಳವಾಡಿ ಮಾತು ಬಿಟ್ಟಿದ್ದರು. ಪಕ್ಕಪಕ್ಕದಲ್ಲೇ ಕೂತು, "ಕಿಟಕಿ ಮುಚ್ಚಲು ಅಪ್ಪಣೆಯಾಗಬೇಕು" ಎಂದು ಜವಾನನ ಕೈಲಿ ಚೀಟಿ ಕಳಿಸುತ್ತಿದ್ದರು!

"ಐದು ಜನಾನೂ ಒಂದೇ ದುಂಡು ಮೇಜಿಗೆ ಕೂರಿಸ್ತೀನಿ" ಎಂದು ಮಾವ ಅಳತೆಪಟ್ಟಿ ಹಿಡಿದರು. ಕೋಣೆ ಅಳೆದರು. ಗುಮಾಸ್ತರ ಮೊಣಕೈ ಅಳೆದರು. ಒಬ್ಬರ ಹೊಟ್ಟೆ ಅಳೆಯಹೋಗಿ ಬೈಸಿಕೊಂಡರು. ತಿಂಗಳು ಮುಗಿಯಲು ಐದೇ ದಿನ ಇರುವಾಗ ಹುಣಸೂರಿನ ಬಡಗಿ ಸಾಬರು ತೇಗದ ಮೇಜನ್ನು ಗಾಡಿಯಲ್ಲಿ ತಂದರು. ನಿಲ್ಲಿಸಿ ನೋಡಿದ್ದಾಯಿತು, ಓರೆ ಮಾಡಿ ನೋಡಿದ್ದಾಯಿತು. ಬಾಗಿಲಲ್ಲಿ ಹಿಡಿಸಲೊಲ್ಲದು!

"ಬಾಗ್ಲು ಅಳ್ತೆ ನೀವು ಕೊಟ್ಟೇ ಇಲ್ವಲ್ಲ ಸ್ವಾಮಿ" ಎಂದರು ಸಾಬರು.

ಮಾವ ಸೋತರೇ? ಮೇಜನ್ನು ಹೊರಗೆ ಹೊಂಗೆಮರದ ಕೆಳಗೆ ಹಾಕಿಸಿ ಐವರನ್ನೂ ಸುತ್ತ ಕೂರಿಸಿದರು. ಗಾಳಿ ಎದ್ದಿತು, ಕಾಗದಗಳು ಹಾರತೊಡಗಿದವು. ಮಾತು ಬಿಟ್ಟವರಲ್ಲಿ ಒಬ್ಬರು ಇನ್ನೊಬ್ಬರಿಗೆ, "ಹಿಡ್ಕೊಳ್ರೀ!" ಎಂದು ಕೂಗಿಯೇಬಿಟ್ಟರು.

"ಹಿಡ್ದಿದೀನಿ ಕಣ್ರೀ, ನೀವು ಬೇಗ ರುಜು ಹಾಕಿ!"

ಇನ್ನು ಟಿಪ್ಪಣಿ ಬರೆಯುವ ಪುರುಸೊತ್ತು ಯಾರಿಗಿದೆ? ಕಾಗದ ಹಾರುವ ಮೊದಲೇ ಕೈಯಿಂದ ಕೈಗೆ ದಾಟಿ ಅಲ್ಲೇ ಇತ್ಯರ್ಥವಾಗತೊಡಗಿತು. ಮೂರೇ ದಿನದಲ್ಲಿ ಕಂತೆ ಕರಗಿತು. ನನ್ನದೂ ತನ್ನ ಸರದಿಯಲ್ಲೇ ಬಂತು. ಗಡುವಿಗೆ ಒಂದು ದಿನ ಮುಂಚೆ ಫೀಸು ಕಟ್ಟಿದೆ.

ಆದರೂ ನನ್ನ ಸಿಟ್ಟು ಇಳಿದಿರಲಿಲ್ಲ. ಸಂಜೆ ಮನೆಗೆ ನಡೆಯುವಾಗ, "ಒಂದು ಕಾಗದ ಎತ್ತಿಡೋದಕ್ಕೆ ಇಷ್ಟೆಲ್ಲ ರಂಪ ಬೇಕಿತ್ತಾ ಮಾವ?" ಎಂದೆ.

ಮಾವ ನಿಂತರು. "ನೀನು ಫೀಸಿನ ಮಾತು ಏಳ್ದಾಗಿಂದ ನಂಗೆ ಅನ್ನ ಸೇರ್ತಿರ್ಲಿಲ್ಲ ಕಣ್ಲಾ. ನಿನ್ನೊಬ್ಬಂದು ಎತ್ತಿಟ್ರೆ ಮಿಕ್ಕ ಹುಡುಗ್ರು ಏನ್ ಮಾಡ್ಬೇಕಿತ್ತು? ಅದಕ್ಕೇ ಎಲ್ಲಾರ್ದನ್ನೂ ಎತ್ತಿಬುಟ್ಟೆ."

ತಿಂಗಳಿಡೀ ಅವರನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದ ನನಗೆ ನಾಚಿಕೆಯಾಯಿತು, ಕಣ್ಣು ತುಂಬಿ ಬಂತು. ನಡುಬೀದಿ ಎಂದೂ ನೋಡದೆ ಬಗ್ಗಿ ಅವರ ಕಾಲು ಹಿಡಿದೆ.