ಜಂಬಯ್ಯನ ಕಂಪ್ಯೂಟರ್ ಪುಸ್ತಕ

ಸಂಡೂರು ರಸ್ತೆಯ ವೇಬ್ರಿಜ್ಜಿಗೆ ಹೊಸ ಕಂಪ್ಯೂಟರ್ ಬಂದ ದಿನವೇ ಜಂಬಯ್ಯನಿಗೆ ಗ್ರಹಚಾರ ವಕ್ಕರಿಸಿತು.

ಅದಿರಿನ ಲಾರಿಗಳನ್ನು ತೂಗಿ ಚೀಟಿ ಕೊಡುವುದು ಅವನ ಕೆಲಸ. ಅಷ್ಟೇ ಆಗಿದ್ದರೆ ಅವನಿಗೆ ಅಷ್ಟು ಹೆಮ್ಮೆ ಇರುತ್ತಿರಲಿಲ್ಲ. ಕಂಪ್ಯೂಟರ್ ನಡೆಸುವುದು ಹೇಗೆಂದು ಇಪ್ಪತ್ತು ಪುಟದ ಪುಸ್ತಕವನ್ನು ಕನ್ನಡದಲ್ಲಿ ಕೈಯಾರೆ ಬರೆದಿದ್ದ. ಮೂರೂ ಪಾಳಿಯವರು ಅದನ್ನು ನೋಡಿಯೇ ಕೆಲಸ ಮಾಡುತ್ತಿದ್ದರು. “ಹೊಸಪೇಟ್ಯಾಗ ಇಂಥಾ ಪುಸ್ತಕ ಇನ್ನೊಬ್ಬ ಬರದಿಲ್ಲ” ಎಂದು ಮಾಲೀಕ ಎರ್ರಿಯಪ್ಪ ಸಾವುಕಾರರೇ ನಾಲ್ಕು ಜನರ ಮುಂದೆ ಹೇಳಿದ್ದರು. ಅಂದಿನಿಂದ ಜಂಬಯ್ಯ ನಡೆದು ಬಂದರೆ ಅವನ ಎದೆ ಅವನಿಗಿಂತ ಒಂದು ಹೆಜ್ಜೆ ಮುಂದಿರುತ್ತಿತ್ತು.

ಈಗ ಸಾವುಕಾರರು ಹಳೆಯ ಕಂಪ್ಯೂಟರನ್ನು ಅಂಗಡಿಗೆ ಕೊಟ್ಟು ಹೊಸದನ್ನು ತಂದಿದ್ದರು. ಬೆಳಿಗ್ಗೆ ಮೊದಲ ಲಾರಿ ತೂಗಿದ್ದಾಯಿತು, ಚೀಟಿ ಬರಲಿಲ್ಲ. ಪ್ರಿಂಟರ್ ಜೋಡಿಸಬೇಕಿತ್ತು. ಜಂಬಯ್ಯ ಠೀವಿಯಿಂದ ತನ್ನ ಪುಸ್ತಕ ತೆರೆದ: ‘ಸ್ಟಾರ್ಟ್ ಒತ್ತಿ. ಸೆಟ್ಟಿಂಗ್ಸ್‌ಗೆ ಹೋಗಿ.’ ಒತ್ತಿದ. ಸೆಟ್ಟಿಂಗ್ಸ್ ಇಲ್ಲವೇ ಇಲ್ಲ! ಹೊರಗೆ ಲಾರಿಗಳ ಸಾಲು ಹನುಮಂತನ ಬಾಲದಂತೆ ಬೆಳೆಯಿತು.

“ಜಂಬಣ್ಣ, ಒಂದು ನಿಂಬಿಹಣ್ಣು ಇಳೆ ತಗೀರಿ. ಹೊಸಾದಕ್ಕ ದೃಷ್ಟಿ ತಾಕೈತಿ,” ಎಂದು ಡ್ರೈವರ್ ಪಕೀರಪ್ಪ ಕಿಟಕಿಯಲ್ಲಿ ತಲೆ ತೂರಿಸಿದ.

ಹಾರನ್ನಿನ ಗದ್ದಲಕ್ಕೆ ಸಾವುಕಾರರೂ ಓಡಿ ಬಂದರು. “ಏನಾತೋ?”

“ಪುಸ್ತಕ ಸರಿ ಐತ್ರಿ ಸಾವುಕಾರ್ರ. ಮಷಿನ್ನೇ ತಪ್ಪೈತಿ!”

ಸಾವುಕಾರರು ಗಂಭೀರವಾಗಿ ತಲೆಯಾಡಿಸಿ, ಸ್ಕೂಟರ್ ಹತ್ತಿ ಊರೊಳಗೆ ಹೋದರು.

ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುವ ಉಚ್ಚೆಂಗಮ್ಮ ಚಹಾ ತಂದಿಟ್ಟಳು. “ತಮ್ಮಾ, ಹೋದ ವರ್ಷದ ಪಂಚಾಂಗ ನೋಡಿ ಈ ವರ್ಷ ಮುಹೂರ್ತ ಇಡ್ತಾರೇನು? ಅದಕ್ಕ ಅದರ ಮ್ಯಾಲೆ ಸಂವತ್ಸರ ಬರದಿರ್ತಾರ. ನಿನ್ನ ಪುಸ್ತಕದ ಮ್ಯಾಲೆ ಏನು ಬರದೀ?”

“ನನ್ನ ಹೆಸರು.”

“ಯಾವ ಮಷಿನ್ನಿಂದು ಅಂತ?”

ಜಂಬಯ್ಯ ಪುಸ್ತಕದ ರಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದ. ಪುಸ್ತಕ ಬರೆದದ್ದು ಹಳೆಯ ಮಷಿನ್ನಿನ ವಿಂಡೋಸ್ ತೊಂಬತ್ತೆಂಟಕ್ಕೆ. ಎದುರಿಗಿದ್ದದ್ದು ಹೊಸ ವಿಂಡೋಸ್ ಎಕ್ಸ್‌ಪಿ. ವರ್ಷನ್ ನಂಬರ್ ಅವನು ಎಲ್ಲೂ ಹಾಕಿರಲಿಲ್ಲ. ಪುಸ್ತಕ ಮುಚ್ಚಿಟ್ಟು ಒಂದೊಂದೇ ಒತ್ತಿ ಹುಡುಕಿದ. ‘ಪ್ರಿಂಟರ್ಸ್ ಅಂಡ್ ಫ್ಯಾಕ್ಸಸ್’ ಸಿಕ್ಕಿತು. ಚೀಟಿ ಕಿರುಗುಟ್ಟುತ್ತ ಹೊರಬಂತು. ಡ್ರೈವರುಗಳು ಸಿಳ್ಳೆ ಹೊಡೆದರು.

ಮಧ್ಯಾಹ್ನವೆಲ್ಲ ಲಾರಿ ತೂಗುತ್ತಲೇ ಪುಸ್ತಕವನ್ನು ಹೊಸದಾಗಿ ಬರೆದ. ಮೇಲೆ ಕೆಂಪಕ್ಷರದಲ್ಲಿ ‘ಎಕ್ಸ್‌ಪಿಗೆ ಮಾತ್ರ’ ಎಂದು ಹಾಕಿದ. ತನ್ನ ಹೆಸರು ಅದರ ಕೆಳಗೆ, ಚೂರೇ ಚಿಕ್ಕದಾಗಿ. ಹಳೆಯದು ಯಾರ ಕೈಗಾದರೂ ಸಿಕ್ಕು ಮತ್ತೆ ಗೋಳಾಗಬಾರದೆಂದು ಹಾಳೆ ಹಾಳೆ ಹರಿದು, ಬಜ್ಜಿ ಕಟ್ಟಲು ಉಚ್ಚೆಂಗಮ್ಮನಿಗೆ ಕೊಟ್ಟ.

ಸಂಜೆ ಸಾವುಕಾರರು ಆಟೋದಿಂದ ಇಳಿದರು. ಹಿಂದಿನ ಸೀಟಿನಲ್ಲಿ ಹಳೆಯ ಕಂಪ್ಯೂಟರ್!

“ನಿನ್ನ ಮಾತು ಖರೇ ಜಂಬಯ್ಯ. ತಪ್ಪು ಮಷಿನ್ ನಮಗ್ಯಾಕ? ಅಂಗಡಿಯವನ ಸಂಗಾಟ ಜಗಳಾ ಮಾಡಿ ನಮ್ಮದನ್ನ ವಾಪಸ್ ತಂದೀನಿ. ಮಷಿನ್ ಸಾವಿರ ಸಿಗ್ತಾವ. ಇಂಥಾ ಪುಸ್ತಕ ಎಲ್ಲಿ ಸಿಗತೈತಿ?”

ಜಂಬಯ್ಯನ ಎದೆ ಉಬ್ಬಿತು. ಮರುಕ್ಷಣ ಕಣ್ಣು ಕಿಟಕಿಯಾಚೆ ಹೋಯಿತು. ಎರಡನೇ ಟ್ರಿಪ್ಪಿಗೆ ಬಂದಿದ್ದ ಪಕೀರಪ್ಪ ಹೊರಗೆ ಬಜ್ಜಿ ಮುಗಿಸಿ, ಕಾಗದ ಮುದುರುತ್ತಿದ್ದ.

“ಲೇ ಪಕೀರಪ್ಪಾ, ಕೈ ಒರಸಬ್ಯಾಡಲೇ!” ಜಂಬಯ್ಯ ಬಾಗಿಲಿಗೆ ಹಾರಿದ. “ಅದು ತೊಂಬತ್ತೆಂಟರದು!”