ಚಹಾ ಸೋಸುವಾಗ ಚೀರಿದವರು

ಗುರುನಾಥನಿಗೆ ಆ ಭಾನುವಾರ ಬೆಳಗಾದದ್ದೇ ಹೆದರಿಕೆಯಿಂದ. ಮಧ್ಯಾಹ್ನ ಹೆಂಡತಿಯ ಜೊತೆ ಹೊಸ ಥ್ರಿಲ್ಲರ್ ನೋಡಬೇಕಿತ್ತು. ಅದನ್ನು ಅವನು ಆಗಲೇ ನೋಡಿಬಿಟ್ಟಿದ್ದ.

ಊರವರು ಅದನ್ನು ಬಾವಿ ಪಿಚ್ಚರ್ ಅನ್ನುತ್ತಿದ್ದರು. ತಮ್ಮೂರು ಬಸವಕಲ್ಯಾಣಕ್ಕೆ ಬರುವ ಮೊದಲು ಅದು ಹುಮನಾಬಾದಿನಲ್ಲಿತ್ತು. "ನನ್ನ ಬಿಟ್ಟು ನೋಡಬ್ಯಾಡ್ರಿ" ಎಂದು ಅನುರಾಧಾ ಅವನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಆಣೆ ಮಾಡಿಸಿದ್ದಳು. ಹೋದ ಮಂಗಳವಾರ ಮೋರಖಂಡಿಯ ಮಾವ ಮಹಾರುದ್ರಪ್ಪನವರು ಹೇಳಿ ಕಳಿಸಿದರು: ಬೆನ್ನು ಹಿಡಿದಿದೆ, ಬಸ್ಸಿನಲ್ಲಿ ಕೂರಲಾಗದು, ಅಳಿಯಂದಿರೇ ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಹೋಗಿ, ನಮ್ಮ ಕಬ್ಬಿನ ಕಟಾವು ಯಾವಾಗ ಎಂದು ಕೇಳಿ ಬರಬೇಕು. ಬಸ್ಸು ಬದಲಿಸಲು ಗುರುನಾಥ ಹುಮನಾಬಾದಿನಲ್ಲಿ ಇಳಿದ. ಟಾಕೀಜಿನ ಪೋಸ್ಟರ್ ಕಂಡಿತು. ಕಾಲುಗಳು ಅವನನ್ನು ಕೇಳಲೇ ಇಲ್ಲ. ಹಳ್ಳಿಖೇಡದ ಬಸ್ಸು ಅವನಿಲ್ಲದೆ ಹೋಯಿತು.

"ಸಾಹೇಬ್ರು ಮೀಟಿಂಗನ್ಯಾಗಿದ್ರು" ಎಂದು ಮನೆಗೆ ಬಂದು ಹೇಳಿದ. ದಿನವಿಡೀ ಪಕ್ಕದ ಮನೆಯ ಲಲಿತಾಬಾಯಿಯ ಜೊತೆ ಹಪ್ಪಳ ಲಟ್ಟಿಸಿ ದಣಿದೆನೆನ್ನುತ್ತಿದ್ದ ಅನುರಾಧಾ, ಪಾಪ, ಎರಡನೇ ಪ್ರಶ್ನೆ ಕೇಳಲಿಲ್ಲ.

ಈಗ ಅವಳ ಪಕ್ಕ ಕೂತು ಏನೂ ಗೊತ್ತಿಲ್ಲದವನಂತೆ ಬೆಚ್ಚಬೇಕು. ಸಿನಿಮಾದ ಸುದ್ದಿ ಹೊರಬಿದ್ದರೆ ಕಾರ್ಖಾನೆಯ ಸುಳ್ಳೂ ಅದರ ಬಾಲ ಹಿಡಿದು ಹೊರಬರುತ್ತದೆ.

ಹಲ್ಲುಜ್ಜುವಾಗಲೇ ಕಾಂಪೌಂಡಿನ ಮೇಲೆ ಲಲಿತಾಬಾಯಿಯ ಮುಖ ಮೂಡಿತು. "ಇವತ್ತ ಬಾವಿ ಪಿಚ್ಚರಿಗೆ ಹೊಂಟೀರಂತಲ್ಲ? ಯಪ್ಪಾ, ಆ ಕೈ ಬರ್ತದ ನೋಡ್ರಿ..."

"ಹೇಳಬ್ಯಾಡ್ರಿ ಅಕ್ಕಾ! ನಾ ಇನ್ನಾ ನೋಡಿಲ್ಲ!"

ಹಾಲು ಉಕ್ಕಿತೇನೋ ಎಂಬಂತೆ ಅನುರಾಧಾ ಒಳಗಿನಿಂದ ಓಡಿ ಬಂದಳು. "ವೈನಿ, ಏನೂ ಹೇಳಬ್ಯಾಡ್ರಿ! ರೀ, ನೀವು ಒಳಗ ನಡೀರಿ!"

ಎಷ್ಟು ಆಸೆಯಿಂದ ಕಾದಿದ್ದಾಳೆ ಇವಳು! ಗುರುನಾಥ ಬಾಯಿಯ ನೊರೆಯನ್ನೂ ತೊಳೆಯದೆ ಒಳಗೆ ನಡೆದ.

ಅವನು ಕೆಲಸ ಮಾಡುವ ಬಟ್ಟೆ ಅಂಗಡಿಯಲ್ಲೂ ಅದೇ ಮಾತು. ಜೊತೆಗಾರ ಮಹೆಬೂಬ ಕುಪ್ಪಸದ ಬಟ್ಟೆ ಅಳೆಯುತ್ತ ಗಿರಾಕಿಗೆ ಹೇಳುತ್ತಿದ್ದ: "ಡೈರೆಕ್ಟರ್ ಅಂದ್ರ ಹಿಂಗಿರಬೇಕ್ರಿ. ಏನ್ ದಿಮಾಗ್! ಖೂನಿ ಮಾಡಿದಾಂವ ಕಣ್ಣ ಮುಂದೇ ಕುಂತಿರ್ತಾನ, ನಮಗ ಗೊತ್ತೇ ಆಗಂಗಿಲ್ಲ."

"ಅವಂದೇ ರೈಲಿನ ಪಿಚ್ಚರ್ ನೋಡೀರೇನು? ಅದರ ಮುಂದ ಇದೇನೂ ಅಲ್ಲ. ವಿಸಿಆರ್ ತರಸಿ ನೋಡ್ರಿ. ಒಬ್ಬರೇ ನೋಡಬ್ಯಾಡ್ರಿ ಮತ್ತ" ಎಂದ ಗಿರಾಕಿ.

"ರೈಲಿಂದು ನಿದ್ದಿ ಪಿಚ್ಚರ್ರಿ! ಅವಂದು ಲಾಡ್ಜಿಂದು ನೋಡ್ರಿ, ಮೂರು ದಿನ ಬಚ್ಚಲಕ್ಕ ಒಬ್ಬರೇ ಹೋಗಂಗಿಲ್ಲ ನೀವು." ಮಹೆಬೂಬ ತಿರುಗಿದ. "ಗುರುನಾಥ, ಹುಮನಾಬಾದನ್ಯಾಗ ಮಂಗಳವಾರ ಏನ್ ಮಜಾ ಆತಂದ್ರ..."

ಗುರುನಾಥನ ಕೈಯಲ್ಲಿದ್ದ ಬಟ್ಟೆಯ ಥಾನು ನೆಲಕ್ಕೆ ಬಿದ್ದು ಬಾಗಿಲವರೆಗೆ ಬಿಚ್ಚಿಕೊಂಡಿತು. "ಹೇಳಬ್ಯಾಡೋ ಯಪ್ಪಾ! ನಿನ್ನ ಕಾಲಿಗೆ ಬೀಳ್ತೀನಿ!" ಎಂದು ಕಿವಿ ಮುಚ್ಚಿಕೊಂಡು ಒಳಕೋಣೆಗೆ ಓಡಿದ. ಅಲ್ಲಿ ಕನ್ನಡಿಯ ಮುಂದೆ ಬೆಚ್ಚುವುದನ್ನು ರೂಢಿ ಮಾಡಿದ. ಮೊದಲ ಸಲ ಹಲ್ಲಿನ ಡಾಕ್ಟರ ಮುಂದೆ ಕೂತವನಂತೆ ಕಂಡ. ಎರಡನೇ ಸಲ ಆಕಳಿಸಿದಂತಾಯಿತು.

ಮನೆಗೆ ಬಂದರೆ ಜಗುಲಿಯ ಮೇಲೆ ಮಾವ.

"ಬೆನ್ನು ಹ್ಯಾಂಗದ್ರಿ ಮಾವಾರ?"

"ಬೆನ್ನು ಬಿಡ್ರಿ. ಕಟಾವಿಂದು ಏನಾತು?"

"ಸಾಹೇಬ್ರು..."

"ಮೀಟಿಂಗ್. ಕೇಳೀನಿ. ಪಿಚ್ಚರ್ ಮುಗದ ಮ್ಯಾಲ ಮಾತಾಡೋಣು. ನಾನೂ ಬರಾಕತ್ತೀನಿ."

ಟಾಕೀಜಿನಲ್ಲಿ ಎಡಕ್ಕೆ ಹೆಂಡತಿ, ಬಲಕ್ಕೆ ಮಾವ, ನಡುವೆ ಗುರುನಾಥ. ಇಂಟರ್ವಲ್ ತನಕ ಹೇಗೋ ದಾಟಿತು. ಆಮೇಲೆ ಅವನು ಕುರ್ಚಿಯ ತುದಿಗೆ ಸರಿದು ಕೂತ. ಹುಮನಾಬಾದಿನಲ್ಲಿ ನೋಡಿದಾಗ ಮುದುಕಿಯೊಬ್ಬಳು ಅಡುಗೆಮನೆಯಲ್ಲಿ ಚಹಾ ಸೋಸಲು ಪಾತ್ರೆ ಎತ್ತಿದ್ದೇ ತಡ, ಪಡದೆಯ ತುಂಬ ಬಾವಿಯಿಂದ ಕೈ ಎದ್ದಿತ್ತು. ಅವತ್ತು ಅವನ ಜೀವವೇ ಬಾಯಿಗೆ ಬಂದಿತ್ತು. ಇವತ್ತು ತಡವಾಗಬಾರದು.

ಮುದುಕಿ ಬಂದಳು. ಪಾತ್ರೆ ಎತ್ತಿದಳು. ಗುರುನಾಥ ಕಣ್ಣು ಗಟ್ಟಿಯಾಗಿ ಮುಚ್ಚಿ, ಇದ್ದ ದನಿಯಲ್ಲೆಲ್ಲ ಚೀರಿದ.

ಎಡಕ್ಕೂ ಒಂದು ಚೀರಾಟ ಕೇಳಿತು. ಬಲಕ್ಕೆ ಇನ್ನೊಂದು, ದಪ್ಪ ದನಿಯದು.

ಕಣ್ಣು ತೆರೆದ. ಪಡದೆಯ ಮೇಲೆ ಮುದುಕಿ ಇನ್ನೂ ಚಹಾ ಸೋಸುತ್ತಿದ್ದಳು. "ಸಕ್ಕರೆ ಸಾಕೇನಪ್ಪ?" ಎಂದು ಮಗನನ್ನು ಕೇಳಿದಳು. ಅನುರಾಧಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಮಹಾರುದ್ರಪ್ಪನವರು ಕಾಲೆತ್ತಿ ಕುರ್ಚಿಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು, ಬೆನ್ನು ಬಿಲ್ಲಿನಂತೆ ಬಾಗಿಸಿ.

ಕತ್ತಲಲ್ಲಿ ಮುಂದಿನ ಸಾಲಿನಿಂದ ಮಹೆಬೂಬನ ದನಿ ಎದ್ದಿತು: "ಯಾರಪ್ಪಾ ಅದು? ಮಂಗಳವಾರ ಹುಮನಾಬಾದನ್ಯಾಗ ಮ್ಯಾಟ್ನಿ ನೋಡಿದಾವ್ರೇನು? ಅವತ್ತ ಒಂದ ಆಟಕ್ಕ ಆಪರೇಟರ್ ರೀಲ್ ಹಿಂದ ಮುಂದ ಹಚ್ಚಿಬಿಟ್ಟಿದ್ದ! ಬಾವಿ ಇನ್ನಾ ದೂರ ಅದ, ಕುಂದರ್ರಿ!"

ಇಡೀ ಟಾಕೀಜು ನಕ್ಕಿತು. ಎಷ್ಟೋ ಹೊತ್ತಿನ ಮೇಲೆ ನಿಜವಾಗಿ ಬಾವಿಯಿಂದ ಕೈ ಎದ್ದಾಗ ಎಲ್ಲರೂ ಚೀರಿದರು. ಫೋಟೊ ತೆಗೆಸಿಕೊಳ್ಳಲು ಕೂತವರಂತೆ ಮೂವರು ಮಾತ್ರ ಸುಮ್ಮನಿದ್ದರು.

ಹೊರಗೆ ಬಿಸಿಲಿಗೆ ಬಂದ ಮೇಲೆ ಮಹಾರುದ್ರಪ್ಪನವರು ಕೆಮ್ಮಿದರು.

"ನಾ ಬೆನ್ನು ತೋರಸಲಿಕ್ಕೆ ಹುಮನಾಬಾದಿಗೆ ಹೋಗಿದ್ದೆ. ದವಾಖಾನ್ಯಾಗ ಕುಂದರಲಿಕ್ಕೆ ಜಾಗಾನೇ ಇರಲಿಲ್ಲ. ಬಾಲ್ಕನ್ಯಾಗ ಕುರ್ಚಿ ಮೆತ್ತಗಿದ್ವು."

"ಖರೆ ಅದ ಅಪ್ಪಾ. ಬೆನ್ನಿಗಿ ಮೆತ್ತಂದೇ ಬೇಕು" ಎಂದಳು ಅನುರಾಧಾ. "ಲಲಿತಾಬಾಯಿ ವೈನಿ ಒಬ್ಬಾಕೀನೇ ಹ್ಯಾಂಗ ಹೋಗಬೇಕು ಅಂತ ಅತ್ತಳು. ನಾವು ಹೆಂಗಸರ ಬಾಜೂ ಕುಂತಿದ್ದೆವು."

"ಅದೂ ಖರೆ. ಹೆಣ್ಮಗಳು ಒಬ್ಬಾಕೀನೇ ಹೋಗಬಾರದು."

ಗುರುನಾಥನಿಗೆ ಸ್ವಲ್ಪ ಧೈರ್ಯ ಬಂತು. "ಅನೂ, ನನ್ನ ಕಡಿಂದ ಆಣಿ ಮಾಡಿಸಿ ನೀನೇ ಹೋಗಿ ನೋಡಿದೆಲ್ಲ?"

"ಆಣಿ ಮಾಡಿದಾವ್ರು ನೀವು. ನಾ ಯಾವಾಗ ಮಾಡಿದ್ದೆ?"

ತಂದೆ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ಕೂಡಿ ಗುರುನಾಥನನ್ನು ನೋಡಿದರು.

"ಅದೆಲ್ಲಾ ಇರಲಿ ಅಳಿಯಂದ್ರ" ಎಂದರು ಮಹಾರುದ್ರಪ್ಪನವರು, ನೆಟ್ಟಗೆ ನಿಂತು. "ಹಂಗಾರ ನನ್ನ ಕಬ್ಬಿಂದು ಕೇಳಲಿಕ್ಕೆ ಹೋದಾವ್ರು ಯಾರು?"