ಪ್ರಿಂಟರ್ ಪೋರ್ಟಿನಲ್ಲಿ ಸಿಕ್ಕಿಕೊಂಡ ಧಾರೆ ಸೀರೆ

ಕಂಪ್ಯೂಟರನ್ನು ಮುಂದಿನಿಂದ ನೋಡಿ ಮರುಳಾದವರು ಬೇಕಾದಷ್ಟು ಜನ ಇದ್ದಾರೆ. ನಾನು ಅದರ ಹಿಂಭಾಗವನ್ನು ನೋಡುತ್ತಲೇ ಬೆನ್ನು ಬಗ್ಗಿಸಿಕೊಂಡವನು. ಮುಂದೆ ಬಣ್ಣ, ಬೆಳಕು, ಚಿತ್ರ ಎಲ್ಲ ಇರುತ್ತದೆ. ಹಿಂದೆ ಇರುವುದು ಧೂಳು, ಜೇಡರ ಬಲೆ ಮತ್ತು ವೈರು ಸಿಕ್ಕಿಸುವ ತೂತುಗಳು. ಬಲ್ಲವರು ಈ ತೂತುಗಳನ್ನು ಪೋರ್ಟು ಅನ್ನುತ್ತಾರೆ. ಹೊರಗಿನ ಯಾವ ಸಾಮಾನು ಕಂಪ್ಯೂಟರಿನ ಒಳಕ್ಕೆ ಮಾತಾಡಬೇಕಾದರೂ ಇದೇ ಬಾಗಿಲಲ್ಲಿ ಹಾಯಬೇಕು. ಬಾಗಿಲು ಕಿರಿದಾದರೆ ಒಳಗೆ ಎಂಥ ಅರಮನೆ ಇದ್ದರೂ ಮಂಚ ಹೊರಗೇ ಉಳಿಯುತ್ತದೆ. ಈ ಸತ್ಯವನ್ನು ನಾನು ಓದಿ ತಿಳಿದದ್ದಲ್ಲ, ಅನುಭವಿಸಿ ತಿಳಿದದ್ದು.

ನನ್ನದು ದೊಡ್ಡಬಳ್ಳಾಪುರ, ಕಸುಬು ಸೀರೆಗೆ ಡಿಸೈನು ಬರೆಯುವುದು. ಮೊದಲು ಚೌಕುಳಿ ಕಾಗದದ ಮೇಲೆ ಕುಂಚ ಹಿಡಿದು ಒಂದೊಂದೇ ಮನೆ ತುಂಬುತ್ತಿದ್ದೆ. ಕಣ್ಣು ಮಂಜಾಗತೊಡಗಿದಾಗ, ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ, ಧೈರ್ಯ ಮಾಡಿ ಒಂದು ಕಂಪ್ಯೂಟರನ್ನೂ ಒಂದು ಸ್ಕ್ಯಾನರನ್ನೂ ಮನೆಗೆ ತಂದೆ. ಯಾರಾದರೂ ಹಳೆ ಸೀರೆ ತಂದು 'ಇದೇ ಅಂಚು ಬೇಕು' ಅಂದರೆ ಅದನ್ನು ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಹಾಕುವುದು. ಕೆಳಗೆ ಒಂದು ದೀಪ ಸರಿಯುತ್ತದೆ, ಚಿತ್ರ ಕಂಪ್ಯೂಟರಿಗೆ ಬರುತ್ತದೆ. ಅದನ್ನು ತಿದ್ದಿ ಕೊಟ್ಟರೆ ಮಗ್ಗಕ್ಕೆ ಡಿಸೈನು ತಿಳಿಸುವ ರಟ್ಟಿನ ಕಾರ್ಡಿಗೆ ತೂತು ಹೊಡೆಯುವವರು ಮುಂದಿನದು ನೋಡಿಕೊಳ್ಳುತ್ತಾರೆ. ಹೇಳುವುದಕ್ಕೆ ಇಷ್ಟೇ. ಆದರೆ ನನ್ನ ಸ್ಕ್ಯಾನರನ್ನು ಸಿಕ್ಕಿಸಬೇಕಾಗಿದ್ದದ್ದು ಪ್ರಿಂಟರಿನ ಪೋರ್ಟಿಗೆ. ಪ್ರಿಂಟರಿಗೆ ಅಕ್ಷರಗಳನ್ನು ಹೊರಗೆ ಕಳಿಸಿ ರೂಢಿಯಾಗಿದ್ದ ಆ ತೂತಿನಲ್ಲಿ ಸೀರೆಯ ಸೆರಗನ್ನು ಒಳಗೆ ಎಳೆಯಬೇಕು. ದೀಪ ಒಂದು ಎಳೆ ಸರಿಯುತ್ತಿತ್ತು, ನಿಲ್ಲುತ್ತಿತ್ತು, ಯೋಚಿಸುತ್ತಿತ್ತು, ಮತ್ತೆ ನರಳಿ ಸರಿಯುತ್ತಿತ್ತು.

ಒಮ್ಮೆ ಬೆಂಗಳೂರಿನ ಬಿಡಿಭಾಗದ ಅಂಗಡಿಯಲ್ಲಿ ಕಾಯುತ್ತಾ ಕೂತಿದ್ದಾಗ ಇಂಗ್ಲಿಷಿನ ಕಂಪ್ಯೂಟರ್ ಪತ್ರಿಕೆಯೊಂದು ಕೈಗೆ ಸಿಕ್ಕಿತು. ಹೊಸ ಬಗೆಯ ಪೋರ್ಟು ಬಂದಿದೆ, ಬಹಳ ವೇಗದ್ದು, ಆದರೆ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡ ಸಾಮಾನ್ಯರಿಗೆ ಇದು ನಿಜಕ್ಕೂ ಬೇಕೇ ಎಂದು ಅದರಲ್ಲಿ ಯಾರೋ ಗಂಭೀರವಾಗಿ ಚರ್ಚಿಸಿದ್ದರು. ಬೇಡ, ಹಳೆ ಪೋರ್ಟು ಕೆಲಸ ಮುಗಿಸುವಷ್ಟರಲ್ಲಿ ಒಂದು ಕಾಫಿ ಕುಡಿಯಬಹುದು ಎಂಬುದು ಅವರ ತೀರ್ಮಾನ. ಆ ಪುಣ್ಯಾತ್ಮರ ಬೀದಿಯಲ್ಲಿ ಕರೆಂಟು ಹೋಗುವುದಿಲ್ಲ ಅಂತ ಕಾಣುತ್ತದೆ. ನಮ್ಮೂರಿನಲ್ಲಿ ಕರೆಂಟು ಇದೆಯೋ ಇಲ್ಲವೋ ಎಂದು ಯಾರೂ ದೀಪ ನೋಡಿ ತಿಳಿಯುವುದಿಲ್ಲ. ಮನೆಮನೆಯ ಪವರ್‌ಲೂಮು ಸದ್ದು ಮಾಡುತ್ತಿದ್ದರೆ ಇದೆ, ಊರು ಗಪ್ಪಾದರೆ ಇಲ್ಲ. ಆ ಸದ್ದಿನಲ್ಲೇ ಮಕ್ಕಳು ನಿದ್ದೆ ಮಾಡುತ್ತವೆ, ನಿಂತ ತಕ್ಷಣ ಎದ್ದು ಅಳುತ್ತವೆ. ಹೀಗೆ ಬಂದು ಹೋಗುವ ಕರೆಂಟಿನ ನಡುವೆ ಒಂದು ಸೆರಗು ಎಳೆದು ಮುಗಿಸುವುದೆಂದರೆ ಲೆವೆಲ್ ಕ್ರಾಸಿಂಗಿನ ಗೇಟು ಬೀಳುವ ಮೊದಲು ಎತ್ತಿನಗಾಡಿ ದಾಟಿಸಿದ ಹಾಗೆ. ನಾನು ಪತ್ರಿಕೆಯನ್ನು ಮಡಿಸಿಟ್ಟು, ಬರೆದವರಿಗೆ ಮನಸ್ಸಿನಲ್ಲೇ ಎರಡು ಮಾತು ಅಂದು ಬಸ್ಸು ಹತ್ತಿದೆ.

ಇದೆಲ್ಲ ತಮಾಷೆಯಾಗಿಯೇ ಇತ್ತು, ಸಾವಿತ್ರಮ್ಮ ತೀರಿಕೊಳ್ಳುವವರೆಗೆ.

ಸಾವಿತ್ರಮ್ಮ ನಮ್ಮ ಬೀದಿಯ ಗೋವಿಂದಪ್ಪನವರ ಹೆಂಡತಿ. ಗೋವಿಂದಪ್ಪ ಹಳೆಯ ನೇಕಾರರು, ಕೈಮಗ್ಗದ ಕಾಲದವರು. ತಮ್ಮ ಮದುವೆಯ ಧಾರೆ ಸೀರೆಯನ್ನು ತಾವೇ ನೇಯ್ದಿದ್ದರು. ಅದರ ಸೆರಗಿನಲ್ಲಿ ಮಾವಿನಕಾಯಿ, ನವಿಲು ಏನೂ ಇರಲಿಲ್ಲ. ಹೂಬಿಟ್ಟ ಅವರೆ ಬಳ್ಳಿ ಇತ್ತು. ಹೆಣ್ಣು ನೋಡಲು ಹೋದಾಗ ಸಾವಿತ್ರಮ್ಮ ಹಿತ್ತಲಿನ ಅವರೆ ಚಪ್ಪರದ ಹಿಂದೆ ಅಡಗಿ ನಿಂತಿದ್ದರಂತೆ. ಗೋವಿಂದಪ್ಪನವರಿಗೆ ಬಳ್ಳಿ ಕಂಡಷ್ಟು ಮುಖ ಕಂಡಿರಲಿಲ್ಲ. ಪವರ್‌ಲೂಮು ಬಂದಾಗ ಕೈಮಗ್ಗ ಬಿಚ್ಚಿದರು, ಕಾರ್ಡುಗಳನ್ನು ಇಲಿ ತಿಂದವು. ಬಳ್ಳಿ ಉಳಿದದ್ದು ಆ ಒಂದು ಸೀರೆಯಲ್ಲೇ. ಅವರ ಮನೆಯ ಪದ್ಧತಿಯಂತೆ ಮುತ್ತೈದೆ ಹೋದರೆ ಧಾರೆ ಸೀರೆ ಉಡಿಸಿಯೇ ಕಳಿಸಬೇಕು. ಅಂದರೆ ಮಧ್ಯಾಹ್ನದ ಹೊತ್ತಿಗೆ ಸೀರೆಯೂ ಮಣ್ಣಿಗೆ.

ಬೆಳಿಗ್ಗೆ ಅವರ ಮಗ ರಮೇಶ ಒದ್ದೆ ಪಂಚೆಯಲ್ಲೇ ಸೀರೆ ಎದೆಗವುಚಿಕೊಂಡು ಬಂದ. "ನಾಗರಾಜಣ್ಣ, ಉಡ್ಸೋಕ್ ಮುಂಚೆ ಇದನ್ನ ನಿನ್ನ ಕಂಪ್ಯೂಟರ್‌ಗೆ ಹಾಕ್ಕೊಂಡ್ಬಿಡು. ಅಪ್ಪ ಒಂದೇ ಸಮ ಅದನ್ನೇ ಹೇಳ್ತಾವ್ರೆ. ರಾಹುಕಾಲಕ್ಕೆ ಮುಂಚೆ ಎತ್ಬೇಕು ಕಣಣ್ಣ" ಎಂದ. ಸೀರೆಯನ್ನು ಗಾಜಿನ ಮೇಲೆ ಹಾಸಿ, ಮುಚ್ಚಳ ಮುಚ್ಚಿ, ದೇವರ ಹೆಸರು ಹೇಳಿ ಶುರು ಮಾಡಿದೆ.

ಬೀದಿಯಲ್ಲಿ ಸಾವಾದರೆ ಹೆಣ ಎತ್ತುವವರೆಗೆ ಯಾರೂ ಮಗ್ಗ ಓಡಿಸುವುದಿಲ್ಲ. ಅವತ್ತು ಕರೆಂಟಿದ್ದೂ ಬೀದಿ ಗಪ್ಪಾಗಿತ್ತು. ಆ ಮೌನದಲ್ಲಿ ಸದ್ದು ಮಾಡುತ್ತಿದ್ದ ಯಂತ್ರ ನನ್ನದೊಂದೇ. ದಿನವೂ ಮಗ್ಗಗಳ ಗದ್ದಲದಲ್ಲಿ ಕೇಳದೇ ಹೋಗುತ್ತಿದ್ದ ಅದರ ನರಳಾಟ ಅವತ್ತು ಸಾವಿನ ಮನೆಯ ಚಪ್ಪರದವರೆಗೂ ಕೇಳಿಸಿತು. ಅಂಚು ಹೇಗೋ ಬಂತು. ಸೆರಗು ಹಾಕಿದೆ. ದೀಪ ಸರಿಯಿತು, ನಿಂತಿತು, ಯೋಚಿಸಿತು. ಹೊಸಕೋಟೆಯಿಂದ ಬಂದಿದ್ದ ಅವರ ನೆಂಟರೊಬ್ಬರು ಬಾಗಿಲಲ್ಲಿ ನಿಂತು, "ಹೆಣ ಮುಂದಿಟ್ಕೊಂಡು ಸೀರೆ ಫೋಟೋ ಹಿಡೀತಾ ಕೂತಿದ್ದೀರಲ್ಲ, ಇದ್ಯಾವ ಶಾಸ್ತ್ರಾನಪ್ಪ?" ಎಂದರು. ಪೋರ್ಟು ನಿಧಾನ ಸ್ವಾಮಿ ಎಂದು ಸಾವಿನ ಮನೆಯವರಿಗೆ ಹೇಳಲಾಗುತ್ತದೆಯೇ? ಇನ್ನೊಬ್ಬರು ಬಂದು ಹೂ ಬಂತು ಎಂದರು, ಮತ್ತೊಬ್ಬರು ಐನೋರು ಕಾಯುತ್ತಿದ್ದಾರೆ ಎಂದರು. ಒಂದು ತುಂಬಿದ ಸಂಸಾರದ ಕೊನೆಯ ಕಾರ್ಯ ನನ್ನ ಪ್ರಿಂಟರ್ ಪೋರ್ಟಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ನನಗೆ ಅಳು ಬಂತು, ಜೊತೆಗೆ ಆ ಕಾಫಿ ಕುಡಿಯಲು ಹೇಳಿದ ಲೇಖಕರ ಮೇಲೆ ಕೊಲ್ಲುವಷ್ಟು ಸಿಟ್ಟು ಬಂತು.

ಕೊನೆಗೆ ಗೋವಿಂದಪ್ಪನವರೇ ಬಂದರು. ಬೈಯುತ್ತಾರೆಂದು ನಾನು ಎದ್ದು ನಿಂತೆ. ಅವರು ಬೈಯಲಿಲ್ಲ. ಸ್ಟೂಲು ಎಳೆದುಕೊಂಡು ಪರದೆಯ ಮುಂದೆ ಕೂತರು. ಅಲ್ಲಿ ಮೇಲಿನಿಂದ ಕೆಳಕ್ಕೆ, ಒಂದೊಂದೇ ಎಳೆಯಾಗಿ, ಅವರೆ ಬಳ್ಳಿ ಇಳಿಯುತ್ತಿತ್ತು.

"ನೇಯ್ದಂಗೇ ಬತ್ತಾ ಐತಲ್ಲಪ್ಪಾ!" ಎಂದರು.

"ಬೋ ನಿಧಾನ ಗೋವಿಂದಪ್ಪಣ್ಣ. ಏನ್ ಮಾಡ್ಲಿ ಹೇಳಿ" ಎಂದೆ.

"ನಿಧಾನ ಎಲ್ಲೈತೆ? ಅವತ್ತು ನಾನು ಇದುಕ್ಕೆ ಎಷ್ಟು ದಿನ ಕೂತಿದ್ದೆ ಗೊತ್ತಾ? ಮದ್ವೆ ಹತ್ರ ಬಂದ್ರೂ ಸೆರಗು ಮುಗೀಲಿಲ್ಲ ಅಂತ ಅವಳಪ್ಪ ಬಂದು ಜಗಳ ಆಡ್ಬುಟ್ರು" ಎಂದು ಅಷ್ಟು ದುಃಖದಲ್ಲೂ ನಕ್ಕರು. ಮೊದಲ ಹೂವು ಬಂತು. ಎರಡನೆಯದರ ದಳ ಬಿಚ್ಚುತ್ತಿತ್ತು. ಮುದುಕರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಅವರ ತುಟಿ ಅಲುಗುತ್ತಿತ್ತು, ಏನು ಹೇಳುತ್ತಿದ್ದರೋ ನಾನು ಕೇಳಲಿಲ್ಲ.

ಕರೆಂಟು ಹೋಯಿತು.

ಪರದೆ ಕಪ್ಪಾಯಿತು, ಬಂದಷ್ಟು ಬಳ್ಳಿಯೂ ಉಳಿಯಲಿಲ್ಲ. ಇನ್ನು ಕಾಯುವಂತಿರಲಿಲ್ಲ. ನಾನು ತಲೆ ತಗ್ಗಿಸಿ ನಿಂತೆ. ಗೋವಿಂದಪ್ಪನವರೇ ಸ್ಕ್ಯಾನರಿನ ಮುಚ್ಚಳ ತೆಗೆದು, ಸೀರೆಯನ್ನು ಅಂಗಡಿಗೆ ಒಯ್ಯುವ ಹಾಗೆ ಅಂಚಿಗೆ ಅಂಚು ಸೇರಿಸಿ ಮಡಿಸಿದರು. "ಬುಡಪ್ಪ ನಾಗರಾಜು. ಇನ್ನೊಂದು ಸಲ ಕಂಡೆನಲ್ಲ, ಸಾಕು. ಅವಳ್ದು ಅವಳು ಉಟ್ಕೊಂಡು ಹೋಗ್ಲಿ" ಎಂದು ಎದ್ದರು. ಸಾವಿತ್ರಮ್ಮನವರನ್ನು ನಮ್ಮ ಮನೆಯ ಮುಂದೆ ಹೊತ್ತು ಸಾಗುವಾಗ ಕರೆಂಟು ಬಂತು. ಯಾರ ಮನೆಯಲ್ಲೂ ಮಗ್ಗ ಅಲುಗಲಿಲ್ಲ. ಸ್ವಿಚ್ಚು ಆರಿಸಲು ಮರೆತಿದ್ದ ನನ್ನ ಕಂಪ್ಯೂಟರು ಮಾತ್ರ ಒಳಗಿನಿಂದ 'ಬೀಪ್' ಎಂದಿತು, ಸ್ಕ್ಯಾನರು ಗೊರ್ ಎಂದಿತು. ಬೀದಿಯೆಲ್ಲ ನನ್ನ ಕಡೆ ತಿರುಗಿತು. ಚಟ್ಟದ ಮೇಲೆ ಹಸಿರು ಸೆರಗಿನ ತುದಿ ಗಾಳಿಗೆ ಅಲುಗುವುದನ್ನು ನೋಡುತ್ತಾ ನಾನು ಹಾಗೇ ನಿಂತಿದ್ದೆ.

ವರ್ಷ ತುಂಬುವುದರೊಳಗೆ ಹೊಸ ಪೋರ್ಟಿರುವ ಕಂಪ್ಯೂಟರು ತಂದೆ, ಅದಕ್ಕೆ ತಕ್ಕ ಸ್ಕ್ಯಾನರನ್ನೂ ತಂದೆ. ಸೆರಗು ಹಾಕಿ ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಚಿತ್ರ ಬಂದು ಕೂತಿರುತ್ತಿತ್ತು. ಇದೊಂದು ಸ್ವಲ್ಪ ಮೊದಲು ಬಂದಿದ್ದರೆ ಎಂದು ಪ್ರತಿ ಸಲವೂ ಹೊಟ್ಟೆ ಉರಿಯುತ್ತಿತ್ತು. ಒಂದು ಸಂಜೆ ನನ್ನ ಹೆಂಡತಿ ಪದ್ಮ ಪೆಟ್ಟಿಗೆಯಿಂದ ತನ್ನ ಧಾರೆ ಸೀರೆ ತೆಗೆದು ತಂದು ಮೇಜಿನ ಮೇಲಿಟ್ಟಳು.

"ಇದನ್ನೂ ಎಳ್ಕೊಂಬಿಡಿ. ಆಮೇಲೆ ನಾನು ಮಲ್ಗಿರೋವಾಗ ಬೀದಿ ಜನಾನೆಲ್ಲ ಕಾಯಿಸ್ಬೇಡಿ" ಎಂದಳು.

"ಏನ್ ಮಾತು ಅಂತ ಆಡ್ತೀಯೇ" ಎಂದು ಗದರಿದೆ. ಆದರೂ ಸೆರಗು ಬಿಡಿಸಿ ಗಾಜಿನ ಮೇಲೆ ಹಾಕಿದೆ. ಅವಳು ಎರಡು ಲೋಟ ಕಾಫಿ ತಂದು, ಉಟ್ಟ ಸೀರೆಯ ಸೆರಗು ಹೊದ್ದು, ಕೂದಲು ಸರಿಮಾಡಿಕೊಂಡು, ಪಕ್ಕದಲ್ಲಿ ಕೂತಳು. ಕಾಫಿ ತುಟಿಗೆ ತಾಕುವ ಮುಂಚೆ ಸೀರೆ ಪರದೆಯ ಮೇಲಿತ್ತು.

"ಆಗೋಯ್ತಾ?"

"ಆಯ್ತು."

"ಇಷ್ಟೇನಾ?" ಎಂದಳು. ಮದುವೆಯಾದಾಗಿನಿಂದ ಆ ಧ್ವನಿ ನನಗೆ ಗೊತ್ತು. ಎಲ್ಲಿಗಾದರೂ ಹೊರಟು ನಿಂತಾಗ ನಾನು ಬೇಡ ಎಂದರೆ ಬರುವ ಧ್ವನಿ.

ನಾನು ಪರದೆ ನೋಡಿ ಮುಖ ಗಂಟಿಕ್ಕಿದೆ. "ಥತ್, ಸರಿಯಾಗಿ ಬಂದಿಲ್ಲ ಕಣೇ. ಇಂಥ ಹಳೇ ಜರಿಗೆ ಹಳೇ ಸ್ಕ್ಯಾನರೇ ಆಗಬೇಕು" ಎಂದು ಒಂದು ಶುದ್ಧ ಸುಳ್ಳು ಹೇಳಿದೆ. ಮಂಚದ ಕೆಳಗಿನಿಂದ ಅದನ್ನು ಎಳೆದು, ಧೂಳು ಒರೆಸಿ, ಬಗ್ಗಿ, ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿದೆ. ದೀಪ ಒಂದು ಎಳೆ ಸರಿದು ನಿಂತು ಯೋಚಿಸತೊಡಗಿತು. ಪದ್ಮ ಸಮಾಧಾನದಿಂದ ಕಾಲು ಮಡಿಸಿ ಕೂತು, ಆ ಸೀರೆ ತರಲು ಅವರಪ್ಪ ನಾಲ್ಕು ಅಂಗಡಿ ಅಲೆದ ಕತೆ ಶುರು ಮಾಡಿದಳು. ಇಷ್ಟು ವರ್ಷ ಸಂಸಾರ ಮಾಡಿದ್ದರೂ ನಾನು ಕೇಳದಿದ್ದ ಕತೆ ಅದು. ಇನ್ನೂ ಎರಡನೆಯ ಅಂಗಡಿಯಲ್ಲಿದ್ದಾಗ ಕರೆಂಟು ಹೋಯಿತು, ಊರಿನ ಮಗ್ಗಗಳೆಲ್ಲ ಒಟ್ಟಿಗೆ ನಿಂತವು.

"ಅಯ್ಯೋ, ಮೊದಲಿಂದ ಎಳೀಬೇಕಾ?" ಎಂದಳು.

"ಮೊದಲಿಂದಲೇ" ಎಂದೆ. ಕರೆಂಟಿನವರನ್ನು ಬೈಯದೆ ನಾನು ಕತ್ತಲಲ್ಲಿ ಕೂತದ್ದು ಅದೇ ಮೊದಲು.